ಗೇರಿನ ಸೈಕಲ್ಲು, ಗುಡ್ಡದ ಕಲ್ಲು, ನನ್ನ ಮೊಣಕಾಲು

ಸೈಕಲ್ ಮೇಲಿಂದ ಬೀಳುವವರಿಗೆ ಸಾಕ್ಷಿಗಳ ಕೊರತೆ ಎಂದೂ ಬರುವುದಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಒಂದು ತಾಸು ಪೆಡಲ್ ತುಳಿದರೂ ಒಂದು ನರಪಿಳ್ಳೆಯೂ ಎದುರಾಗುವುದಿಲ್ಲ. ನೆಟ್ಟಗೆ, ಠೀವಿಯಿಂದ ಹೋಗುವಾಗ ನೋಡುವವರು ಯಾರೂ ಇರುವುದಿಲ್ಲ. ಚಕ್ರ ಒಂದು ಕಲ್ಲಿನ ಮೇಲೆ ಜಾರಿದರೆ ಸಾಕು, ಬಂಡೆಯ ಹಿಂದಿನಿಂದ ಒಬ್ಬ ಕುರಿ ಕಾಯುವವ ಎದ್ದು ಬರುತ್ತಾನೆ. ಕಂಟಿಯ ಆಚೆಯಿಂದ ಕಟ್ಟಿಗೆ ಹೊರೆ ಹೊತ್ತ ಇಬ್ಬರು ಹೆಣ್ಣುಮಕ್ಕಳು ಇಣುಕುತ್ತಾರೆ. “ಬಿದ್ರೇನ್ರಿ?” ಎಂದು ಕೇಳುತ್ತಾರೆ. ಅಂಗಾತ ಮಲಗಿ ಆಕಾಶ ನೋಡುತ್ತಿರುವವರು ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ನನಗೆ ಈವರೆಗೂ ತಿಳಿದಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಕೆಲವು ವರ್ಷ ನಾನು ಆ ಗುಡ್ಡದ ಬುಡದ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ, ಆ ಕಡೆಯವರ ಬಾಯಲ್ಲಿ ‘ಬಾಯಾರು’. ಗುಡ್ಡದ ಮೇಲೆ ಅಲ್ಲಲ್ಲಿ ಕುರಿಯವರ ಹಟ್ಟಿಗಳಿದ್ದವು. ಬಸ್ಸು ಅತ್ತ ಹೋಗುತ್ತಿರಲಿಲ್ಲ. ನಡೆದು ಹೋದರೆ ನಾನು ತಲುಪುವುದರೊಳಗೆ ಲಸಿಕೆ ಡಬ್ಬಿಯೊಳಗಿನ ಮಂಜುಗಡ್ಡೆ ಕರಗಿ ನೀರಾಗುತ್ತಿತ್ತು. ಆದ್ದರಿಂದ ಸೈಕಲ್ ತುಳಿದೆ. ತುಳಿದದ್ದಕ್ಕೆ ಬಿದ್ದೆ. ಈ ಬಿದ್ದ ಕತೆಗಳು ಇಂದಿಗೂ ಆ ಕಡೆ ಓಡಾಡುತ್ತಿವೆ. ಬೇರೆಯವರ ಬಾಯಲ್ಲಿ ಪ್ರತಿ ಸಲ ಒಂದು ಪಲ್ಟಿ ಹೆಚ್ಚಾಗುತ್ತದೆ ಎಂದು ನಾನೇ ಹೇಳಲು ಕುಳಿತಿದ್ದೇನೆ.

೧. ತಯಾರಾಗಿ ಬಂದವನು

ಸೈಕಲ್ ಮೊದಲು ನನ್ನದಲ್ಲ. ಆ ವರ್ಷಗಳಲ್ಲಿ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಎತ್ತರದ ಕಂಬಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಜನ ಅವಕ್ಕೆ ಫ್ಯಾನು ಎನ್ನುತ್ತಿದ್ದರು. ಆ ಕೆಲಸಕ್ಕೆ ಮೈಸೂರು ಕಡೆಯ ಒಬ್ಬ ತರುಣ ಎಂಜಿನಿಯರ್ ಬಂದಿದ್ದ. ಅವನ ಜೊತೆಗೆ ಈ ಸೈಕಲ್ ಬಂದಿತ್ತು. ದಪ್ಪ ಹಲ್ಲಿನ ಟಾಯರು, ಮುಂದಿನ ಗಾಲಿಗೆ ಸ್ಪ್ರಿಂಗು, ಹ್ಯಾಂಡಲ್ಲಿನ ಎರಡೂ ಕಡೆ ಗೇರು. ಪ್ರತಿ ರವಿವಾರ ಅವನು ಸೈಕಲ್ಲನ್ನು ಜೀಪಿನಲ್ಲಿ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದ. ಆಮೇಲೆ ಕಲ್ಲಿನ ಹಾದಿ ಹಿಡಿದು ಸೈಕಲ್ ಮೇಲೆ ಇಳಿಯುತ್ತಿದ್ದ. ಚಹಾದಂಗಡಿಯಲ್ಲಿ ಇದೇ ಮಾತು. “ಹತ್ತೂದು ಜೀಪಿನ್ಯಾಗ, ಇಳಿಯೂದು ಸೈಕಲ್ ಮ್ಯಾಲ. ಹೊಳ್ಳಿ ಇಳಿಯಾವಿದ್ರ ಮ್ಯಾಲ ಯಾಕ ಹೋಗಬೇಕು?”

ಒಂದು ರವಿವಾರ ಮಧ್ಯಾಹ್ನ ನಾಲ್ವರು ಕುರಿಯವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದು ಉಪಕೇಂದ್ರದ ಕಟ್ಟೆಯ ಮೇಲೆ ಇಳಿಸಿದರು. ತಲೆಗೆ ಹೆಲ್ಮೆಟ್ಟು ಹಾಗೇ ಇತ್ತು. ಕೈಗೆ ಚರ್ಮದ ಗವಸು, ಮೊಣಕಾಲಿಗೆ, ಮೊಣಕೈಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಇಷ್ಟೆಲ್ಲ ಕಟ್ಟಿಕೊಂಡವನು ಏನೂ ಕಟ್ಟದ ಹೆಗಲನ್ನೇ ಆರಿಸಿ ಅದರ ಮೇಲೆ ಬಿದ್ದಿದ್ದ.

“ಹ್ಯಾಂಗ ಬಿದ್ರು?” ಎಂದು ನಾನು ಕೇಳಿದೆ. ಎಂಜಿನಿಯರ್ ನರಳುತ್ತಿದ್ದ. ನಾಲ್ವರಲ್ಲಿ ಹಿರಿಯನಾದ ಕುರಿಯವ ಉತ್ತರ ಕೊಟ್ಟ.

“ಬಾಯಾರ, ನೀವ ನೋಡ್ರಿ. ತಲಿಗೆ ಬುಟ್ಟಿ ಹಾಕ್ಯಾನ. ಕೈಗೆ ಚೀಲ ಹಾಕ್ಯಾನ. ಮೊಣಕಾಲಿಗೆ ಡಬ್ಬಿ ಕಟ್ಯಾನ. ಇಂವ ಬೀಳಬೇಕಂತ ಮನಿಯಿಂದನ ತಯಾರಾಗಿ ಬಂದಾನ್ರಿ.”

ಹೆಗಲಿನ ಮುಂದಿನ ಎಲುಬು ಮುರಿದಿತ್ತು. ಕೈಯನ್ನು ಕೊರಳಿಗೆ ಕಟ್ಟಿ ಜೀಪು ತರಿಸಿ ದೊಡ್ಡ ದವಾಖಾನೆಗೆ ಕಳಿಸಿದೆ. ಎರಡು ತಿಂಗಳ ಮೇಲೆ ಅವನು ಮತ್ತೆ ಬಂದ. ಹೆಗಲು ಕೂಡಿತ್ತು, ಬೇರೆ ಊರಿಗೆ ವರ್ಗವಾಗಿತ್ತು. ಸೈಕಲ್ ತಳ್ಳಿಕೊಂಡು ಬಂದು ಉಪಕೇಂದ್ರದ ಗೋಡೆಗೆ ಒರಗಿಸಿದ.

“ಸಿಸ್ಟರ್, ಇದನ್ನ ನೀವೇ ಇಟ್ಕೊಳ್ಳಿ. ಹಟ್ಟಿಗಳಿಗೆ ನಡೆದು ಹೋಗ್ತೀರಲ್ಲ, ಉಪಯೋಗಕ್ಕೆ ಬರುತ್ತೆ. ನಮ್ಮಮ್ಮ ಫೋನಲ್ಲಿ ಹೇಳಿಬಿಟ್ಟಿದ್ದಾರೆ, ಮನೆಗೆ ನೀನು ಬಾ, ಅದು ಬರಕೂಡದು ಅಂತ.” ಆಮೇಲೆ ಸೀಟಿನ ಮೇಲೆ ಕೈಯಾಡಿಸುತ್ತ ಸ್ವಲ್ಪ ಅಭಿಮಾನದಿಂದ ಹೇಳಿದ, “ಇಪ್ಪತ್ತೊಂದು ಗೇರ್ ಇದೆ ಇದಕ್ಕೆ.”

ಕೆಮ್ಮಿನ ಗುಳಿಗೆಗೆಂದು ಬಂದಿದ್ದ ಅದೇ ಹಿರಿಯ ಕುರಿಯವ ಕಟ್ಟೆಯ ಮೇಲೆ ಕುಳಿತಿದ್ದ. ನನ್ನ ಕಡೆ ವಾಲಿ ಮೆಲ್ಲಗೆ ಅಂದ, “ಇಪ್ಪತ್ತೊಂದರಾಗ ನಿಂದ್ರೂದು ಎಷ್ಟನೇದು ಅಂತ ಕೇಳಿ ಇಟಗೊಳ್ರಿ ಬಾಯಾರ. ಅಂವಗ ಅದೊಂದು ಸಿಕ್ಕಿದ್ದಿಲ್ಲ.”

೨. ಬಲಗೈ ಬ್ರೇಕು

ಸೈಕಲ್ ನನಗೆ ಹೊಸದಲ್ಲ. ರೋಣದಲ್ಲಿ ಹೈಸ್ಕೂಲಿಗೆ ಹೋಗುವಾಗ ಅಪ್ಪನ ಕರಿ ಸೈಕಲ್ಲನ್ನು ಒಳಗಾಲು ಹಾಕಿ ತುಳಿದವಳು ನಾನು. ಓಣಿಯ ಗಂಡುಹುಡುಗರಿಗೆ ಡಬಲ್ ಸವಾರಿ ಕಲಿಸಿದವಳು. ಗೇರು ಒಂದಿರಲಿ, ಇಪ್ಪತ್ತೊಂದಿರಲಿ, ತುಳಿಯುವುದು ಎರಡೇ ಕಾಲಲ್ಲಿ ಅಲ್ಲವೇ ಎಂದು ನನ್ನ ಲೆಕ್ಕ.

ನಮ್ಮನೆಯವರಿಗೆ ಗಜೇಂದ್ರಗಡದ ಬಜಾರಿನಲ್ಲಿ ಒಂದು ಟೇಲರ್ ಅಂಗಡಿ. ಮಾತು ಕಡಿಮೆ. ಸೈಕಲ್ ಮನೆಗೆ ಬಂದ ದಿನ ಅದನ್ನು ಒಂದು ಸುತ್ತು ಹಾಕಿ ನೋಡಿದರು. ನಡುವಿನ ಕೋಲು ನೋಡಿದರು. ನನ್ನ ಸೀರೆ ನೋಡಿದರು. ಮರುದಿನ ಯೂನಿಫಾರ್ಮಿನದೇ ಬಣ್ಣದ ಎರಡು ಚೂಡಿದಾರ್ ಹೊಲಿದು ತಂದರು. ಹಾಕಿ ನೋಡಿದೆ. ಎರಡೂ ಮೊಣಕಾಲಿನ ಕಡೆ ಒಳಗೆ ಇನ್ನೊಂದು ಪದರ ಅರಿವೆ ಕೊಟ್ಟಿದ್ದರು.

“ಮೊಣಕಾಲಿಗೆ ಡಬಲ್ ಯಾಕ್ರಿ?” ಎಂದೆ.

“ಅರಿವಿ ಎಲ್ಲಿ ಹರಿತೈತಿ ಅನ್ನೂದು ಟೇಲರಗ ಮೊದಲ ಗೊತ್ತಿರತೈತಿ,” ಎಂದರು.

ನನಗೆ ಸಿಟ್ಟು ಬಂತು. ನೋಡೇಬಿಡೋಣ ಎಂದು ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದೆ. ಹಗುರ ಗೇರಿಗೆ ಹಾಕಿಕೊಂಡು ಇರುವೆ ಹರಿದ ಹಾಗೆ ಹತ್ತಿದೆ, ಆದರೆ ಒಮ್ಮೆಯೂ ಇಳಿಯಲಿಲ್ಲ. ಮೇಲಿನ ಹಟ್ಟಿಯ ಮುದುಕಿಯೊಬ್ಬಳು ನನ್ನನ್ನು ನೋಡಿ ಹಣೆಗೆ ಕೈ ಅಡ್ಡ ಹಿಡಿದು, “ಯಾವ ಊರ ಪೊಲೀಸ?” ಎಂದು ಸೊಸೆಯನ್ನು ಕೇಳಿದಳು. ಗುಳಿಗೆ ಹಂಚಿ, ಇಬ್ಬರು ಬಸುರಿಯರನ್ನು ನೋಡಿ, ನಡೆದು ಬಂದಿದ್ದರೆ ಇನ್ನೂ ಅರ್ಧ ದಾರಿಯಲ್ಲಿರಬೇಕಾದ ಹೊತ್ತಿಗೆ ಹೊಳ್ಳಿ ಹೊರಟೆ. ಜಗತ್ತನ್ನು ಗೆದ್ದ ಹಾಗೆ ಆಗಿತ್ತು.

ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿಯತೊಡಗಿತು. ಹಾದಿಯ ನಟ್ಟನಡುವೆ ಒಂದು ಆಡು ನಿಂತಿತ್ತು. ಗಾಳಿಗೆ ಹಾರುತ್ತಿದ್ದ ವೇಲನ್ನು ಎಡಗೈಯಲ್ಲಿ ಹಿಡಿದಿದ್ದೆ. ಬಲಗೈಯಲ್ಲಿ ಇದ್ದಬದ್ದ ಶಕ್ತಿ ಹಾಕಿ ಬ್ರೇಕು ಒತ್ತಿದೆ. ಸೈಕಲ್ ಆಡಿನ ಮುಂದೆ ಗೇಣು ದೂರದಲ್ಲಿ ನೆಟ್ಟ ಹಾಗೆ ನಿಂತಿತು. ನಾನು ಹ್ಯಾಂಡಲ್ ದಾಟಿ, ಆಡನ್ನೂ ದಾಟಿ, ಕವಳಿ ಕಂಟಿಯಲ್ಲಿ ಇಳಿದೆ. ಆಡು ಮೆಲುಕು ಹಾಕುವುದನ್ನು ಬಿಡಲಿಲ್ಲ.

ಮುಳ್ಳು ಕಿತ್ತುಕೊಂಡು ಸೈಕಲ್ಲನ್ನು ಬಜಾರಿನ ಸೈಕಲ್ ಅಂಗಡಿಯ ಚಾಚಾನ ಹತ್ತಿರ ಒಯ್ದೆ. ಅರವತ್ತು ದಾಟಿದ ಸಾಬರು. ಆ ಊರಿನ ಎರಡು ತಲೆಮಾರಿನ ಪಂಕ್ಚರು ಅವರ ಕೈಯಲ್ಲೇ ಮುಚ್ಚಿದ್ದವು.

“ಬ್ರೇಕ ಹಿಡಿಲಿಲ್ಲೇನ್ರಿ ಬಾಯಾರ?” ಎಂದರು.

“ಹಿಡದೆ ಚಾಚಾ. ಬ್ರೇಕ ಭಾಳ ಛಲೋ ಐತಿ. ಆದ್ರೂ ಬಿದ್ದೆ.”

“ಯಾವ ಕೈಲೆ ಹಿಡದ್ರಿ?”

“ಬಲಗೈಲೆ.”

ಚಾಚಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. “ಬಲಗೈದು ಮುಂದಿನ ಗಾಲಿದು. ಇಳಕಲದಾಗ ಅದೊಂದನ್ನ ಹಿಡದ್ರ ಸೈಕಲ್ ನಿಂದ್ರತೈತಿ. ನೀವು ಹೋಕ್ಕೀರಿ.”

೩. ಹೊಲಿಗೆ

ಬ್ರೇಕು ಕಲಿತ ಮೇಲೆ ಒಂದು ಮಳೆಗಾಲ ಆರಾಮಾಗಿ ಕಳೆಯಿತು. ಅಂಥ ಹೊತ್ತಿನಲ್ಲೇ ಮನುಷ್ಯ ಹುಷಾರಾಗಿರಬೇಕು. ನಾನು ಇರಲಿಲ್ಲ. ಮಳೆನೀರು ಕೊರೆದ ಒಂದು ಸಂದಿನಲ್ಲಿ ಮುಂದಿನ ಗಾಲಿ ಸಿಕ್ಕಿತು. ಈ ಸಲ ಮೊಣಕಾಲು ನೇರವಾಗಿ ಚೂಪುಗಲ್ಲಿನ ಮೇಲೆ ಬಿತ್ತು. ಡಬಲ್ ಅರಿವೆಯ ಎರಡೂ ಪದರ ಹರಿದಿದ್ದವು. ಅದರ ಕೆಳಗಿನ ಪದರ ನನ್ನದು.

ದವಾಖಾನೆಯ ನಮ್ಮ ಡಾಕ್ಟರು ಹಳೆಯ ಕಾಲದವರು, ಕೈ ಒಳ್ಳೆಯದು, ಸಿಟ್ಟು ಮೂಗಿನ ತುದಿಯಲ್ಲಿ. “ನರ್ಸ ಮಂದಿ ಪೇಷಂಟ ತರಬೇಕು, ತಾವ ಪೇಷಂಟ ಆಗಬಾರದು,” ಎನ್ನುತ್ತ ಹೊಲಿಗೆ ಹಾಕಲು ಕುಳಿತರು. ಸುದ್ದಿ ಬಜಾರಿಗೆ ಮುಟ್ಟಿ ನಮ್ಮನೆಯವರು ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡಿಸಿಕೊಂಡು ಓಡಿ ಬಂದರು. ರಕ್ತ ಕಂಡರೆ ಅವರಿಗೆ ಆಗುವುದಿಲ್ಲ. ಬಾಗಿಲಲ್ಲೇ ಮುಖ ತಿರುಗಿಸಿ ನಿಂತರು. ಆದರೆ ಸೂಜಿಯಲ್ಲಿ ದಾರ ಪೋಣಿಸುವುದು ಕಂಡ ಮೇಲೆ ಅವರಿಂದ ತಡೆಯಲಾಗಲಿಲ್ಲ. ಒಂದೊಂದೇ ಹೆಜ್ಜೆ ಹತ್ತಿರ ಬಂದರು. ಕೊನೆಗೆ ಡಾಕ್ಟರ ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು.

“ಏನು ನೋಡ್ತೀರಿ?” ಎಂದರು ಡಾಕ್ಟರು.

“ಏನಿಲ್ರಿ ಸಾಹೇಬ್ರ. ದಾರ ಛಲೋ ಐತ್ರಿ.”

ಡಾಕ್ಟರು ಮುಂದಿನ ಹೊಲಿಗೆ ಹಾಕಿದರು.

“ಮೂರನೇದು ಸ್ವಲ್ಪ ಸೊಟ್ಟ ಬಂತ್ರಿ.”

ನಾನು ಮಲಗಿದಲ್ಲಿಂದಲೇ ಅವರ ಅಂಗಿ ಜಗ್ಗಿದೆ. ಅವರಿಗೆ ತಿಳಿಯಲಿಲ್ಲ. “ನಡುವ ಅಂತರಾನೂ ಒಂದ ಸಮ ಇಲ್ರಿ. ನಾವು ಮೊದಲ ಸೀಮೆಸುಣ್ಣದ್ಲೆ ಗುರ್ತು ಮಾಡಕೋತೀವಿ,” ಎಂದರು. ಡಾಕ್ಟರು ಕೆಲಸ ಮುಗಿಸಿದರು. ಪಟ್ಟಿ ಕಟ್ಟಿ, ಕೈ ತೊಳೆದು, ನನ್ನ ಗಂಡನಿಗೆ ಬೆನ್ನು ಹಾಕಿ ಹೊರಗೆ ಹೋದರು. ನನಗೆ ಮೊಣಕಾಲಿಗಿಂತ ನೌಕರಿಯ ಚಿಂತೆ ಹೆಚ್ಚಾಯಿತು.

ಹದಿನೈದು ದಿನ ಬಿಟ್ಟು ಡಾಕ್ಟರು ಒಂದು ಪ್ಯಾಂಟಿನ ಅರಿವೆ ಹಿಡಿದು ನಮ್ಮ ಅಂಗಡಿಗೇ ಬಂದರು. ನಮ್ಮನೆಯವರು ಎರಡು ದಿನ ಬೇರೆ ಕೆಲಸ ಬಿಟ್ಟು ಜೀವ ಹಾಕಿ ಹೊಲಿದರು. ಒಯ್ಯಲು ಬಂದ ದಿನ ಡಾಕ್ಟರು ಚಷ್ಮಾ ಹಾಕಿಕೊಂಡು ಪ್ಯಾಂಟನ್ನು ಬೆಳಕಿಗೆ ಹಿಡಿದು, ಒಳಗೆ ಹೊರಗೆ ತಿರುವಿ, ಕಾಲುಗಂಟೆ ನೋಡಿದರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು.

“ಎಡಗಾಲ ಕೆಳಗ, ಮೂರನೇ ಹೊಲಿಗಿ ಸೊಟ್ಟ ಬಂದೈತಿ,” ಎಂದರು.

ನಮ್ಮನೆಯವರು ಪ್ಯಾಂಟು ಇಸಿದುಕೊಂಡು ನೋಡಿದರು. ಇದ್ದದ್ದು ಖರೇ. ಅದನ್ನು ನೀಟಾಗಿ ಮಡಚಿ ಹಾಳೆಯಲ್ಲಿ ಕಟ್ಟಿ ಕೊಡುತ್ತ, ಬಹಳ ವಿನಯದಿಂದ ಹೇಳಿದರು.

“ಬಂದಿರಬೇಕ್ರಿ ಸಾಹೇಬ್ರ. ಆದ್ರ ನಾ ನಿಮ್ಮನ್ನ ಒಳಗ ಇಟ್ಟು ಹೊಲಿದಿಲ್ರಿ.”

೪. ಎರೆಹೊಲ

ಒಂದು ಸಲ ಅಸೂಟಿ ಕಡೆಯ ನರ್ಸ್ ಬಾಣಂತನದ ರಜೆಗೆ ಹೋದಾಗ ಕೆಲವು ತಿಂಗಳು ಆ ಹಳ್ಳಿಗಳೂ ನನ್ನ ಪಾಲಿಗೆ ಬಂದವು. ನನಗೆ ಹಿಗ್ಗೋ ಹಿಗ್ಗು. ಎಲ್ಲಿ ನೋಡಿದರೂ ಸಪಾಟು ಎರೆಭೂಮಿ, ಬೀಳಲು ಒಂದು ಕಲ್ಲಿಲ್ಲ. ಹಿಂದಿನ ದಿನ ಹದವಾಗಿ ಮಳೆಯಾಗಿತ್ತು. ರಸ್ತೆ ಸುತ್ತು ಎಂದು ಹೊಲದ ಹಾದಿ ಹಿಡಿದೆ.

ಹತ್ತು ಮಾರು ಹೋಗುವುದರೊಳಗೆ ಮಣ್ಣು ಮೆತ್ತಿ ಗಾಲಿಗಳು ಊದಿಕೊಂಡವು. ಇನ್ನೆರಡು ಮಾರು ಹೋದ ಮೇಲೆ ಗಾಲಿ ಯಾವುದು, ಹೊಲ ಯಾವುದು ತಿಳಿಯದಾಯಿತು. ಸೈಕಲ್ ನಿಂತಿತು. ನಾನು ರೂಢಿಯಂತೆ ಬೀಳಲು ತಯಾರಾಗಿ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದರೆ ಸೈಕಲ್ಲು, ನಾನು ಇಬ್ಬರೂ ನೆಟ್ಟಗೆ ನಿಂತಿದ್ದೇವೆ. ಕಾಲು ಊರಿದೆ, ಮೀನಖಂಡದ ತನಕ ಇಳಿಯಿತು.

ಬದುವಿನ ಮೇಲೆ ಹೋಗುತ್ತಿದ್ದ ವಯಸ್ಸಾದ ರೈತರೊಬ್ಬರು ನಿಂತು ಕೇಳಿದರು, “ಯಾಕ ಬಾಯಾರ, ಅಲ್ಲೇ ನಿಂತ್ರಿ?”

“ಬರಾಕೂ ಆಗವಲ್ದು, ಬೀಳಾಕೂ ಆಗವಲ್ದು ಕಾಕಾ,” ಎಂದೆ.

ಅವರು ಬಂದು ಮೊದಲು ನನ್ನನ್ನು ಕಿತ್ತರು, ಆಮೇಲೆ ಸೈಕಲ್ಲನ್ನು ಕಿತ್ತರು. ಎರಡೂ ಚಪ್ಪಲಿ ಒಳಗೇ ಉಳಿದವು. ಕೈಹಾಕಿ ಹುಡುಕಿದರೂ ಸಿಗಲಿಲ್ಲ. ಬರಿಗಾಲಲ್ಲೇ ಅಸೂಟಿ ಮುಟ್ಟಿ ಕೆಲಸ ಮುಗಿಸಿದೆ.

ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಅದೇ ಕಾಕಾ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಹಳೆಯ ಪೇಪರಿನ ಒಂದು ಗಂಟು. ಬಿಚ್ಚಿದರೆ ತೊಳೆದು ಒಣಗಿಸಿದ ಒಂದು ಚಪ್ಪಲಿ.

“ಎಡಗಾಲಿಂದು ಹುಟ್ಟೈತ್ರಿ ಬಾಯಾರ,” ಎಂದರು. “ಬಲಗಾಲಿಂದು ಇನ್ನೂ ಮೊಳಕಿ ಒಡದಿಲ್ಲ.”

೫. ಎರಡು ಹನಿ

ಲಕ್ಕಲಕಟ್ಟಿ ಹಾದಿಯಿಂದ ಮೇಲಕ್ಕೆ ಒಂದು ಕುರಿಹಟ್ಟಿಯಿತ್ತು. ನಾಲ್ಕೇ ಗುಡಿಸಲು. ಅದರಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ, ಅವಳಿಗೆ ಎರಡೂವರೆ ವರ್ಷದ ಮಗ. ಪೋಲಿಯೋ ಹನಿ ಹಾಕಿದರೆ ಮಗು ಬಡಕಲಾಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಮೊದಲನೇ ಸಲ ಹೋದಾಗ “ಕೂಸು ಅಜ್ಜಿ ಊರಿಗೆ ಹೋಗೈತ್ರಿ” ಎಂದಳು. ಎರಡನೇ ಸಲ “ಮಲಗೈತ್ರಿ, ಎಬ್ಬಿಸಿದ್ರ ಸಂಜಿತನಾ ಅಳತೈತಿ” ಎಂದಳು. ಮೂರನೇ ಸಲ ಕುರಿಮರಿ ಮುಚ್ಚುವ ದೊಡ್ಡ ಬುಟ್ಟಿಯನ್ನು ಕವುಚಿ ಹಾಕಿ ಅದರ ಮುಂದೆ ನಿಂತಿದ್ದಳು. ಬುಟ್ಟಿಯೊಳಗಿಂದ ಸೀನು ಕೇಳಿಸಿತು.

“ಏನದು?” ಎಂದೆ.

“ಮರಿರಿ. ನೆಗಡಿ ಆಗೈತಿ ಅದಕ್ಕ.”

ಜಬರದಸ್ತಿ ಮಾಡುವುದು ನನ್ನ ಜಾಯಮಾನವಲ್ಲ. ಆದರೆ ಆ ಒಂದು ಮಗು ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ಕಾಲು ಸೊಣಕಲಾಗಿ ಕೈ ಊರಿ ತೆವಳುವ ಮಕ್ಕಳನ್ನು ನಾನು ಕಂಡಿದ್ದೆ. ನಾಲ್ಕನೇ ಸಲ ಬೆಳಿಗ್ಗೆ ಬೇಗ ಹೊರಟೆ. ಮಂಜುಗಡ್ಡೆ ಹಾಕಿದ ಲಸಿಕೆ ಡಬ್ಬಿ ಹೆಗಲಿಗೆ ಇತ್ತು. ಹಟ್ಟಿಯ ಅಂಚಿಗೆ ಒಂದು ಹಾಸುಬಂಡೆ, ಇಳಿಜಾರು, ಅದರ ಮೇಲೆ ಉಸುಕಿನಂಥ ಸಣ್ಣ ಕಲ್ಲು. ಗಾಲಿ ಅದರ ಮೇಲೆ ಹೋದದ್ದೇ ಹಿಂದಿನಿಂದ ಯಾರೋ ಸೈಕಲ್ಲನ್ನು ಕಸಿದುಕೊಂಡ ಹಾಗಾಯಿತು. ಡಬ್ಬಿಯ ಪಟ್ಟಿ ಹರಿಯಿತು. ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಡಬ್ಬಿ ಹಿಡಿದ ಮೇಲೆ ಬೇರೆ ಏನನ್ನೂ ಹಿಡಿಯಲು ಕೈ ಉಳಿಯಲಿಲ್ಲ. ಬಂಡೆಯ ಮೇಲಿಂದ ಕೆಳತನಕ ಕುಳಿತೇ ಜಾರಿದೆ. ಸೈಕಲ್ ಪಕ್ಕದಲ್ಲೇ ಸದ್ದು ಮಾಡುತ್ತ ಬಂತು. ಹಟ್ಟಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಮೊದಲು ಹೊರಗೆ ಬಂದದ್ದು ಬುಟ್ಟಿ. ಎರಡು ಸಣ್ಣ ಕಾಲಿನ ಮೇಲೆ ಆಮೆಯ ಹಾಗೆ ನಡೆದು ಬಂದು ನನ್ನ ಮುಂದೆ ನಿಂತಿತು. ಆಮೇಲೆ ಬುಟ್ಟಿ ಹಿಂದಕ್ಕೆ ಬಿತ್ತು, ಒಳಗಿದ್ದ ಮಗು ನನ್ನನ್ನು ನೋಡಿ ನಗತೊಡಗಿತು. ನಕ್ಕು ನಕ್ಕು ಕುಳಿತುಕೊಂಡಿತು. ಅಷ್ಟರಲ್ಲಿ ತಾಯಿ ಓಡಿ ಬಂದು ನನ್ನ ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು. ಮೊಣಕೈಯಿಂದ ರಕ್ತ ಸೋರುತ್ತಿತ್ತು.

“ಅಯ್ಯ ಬಾಯಾರ, ಕೈ ಊರಬಾರದೇನ್ರಿ?”

“ಕೈಯಾಗ ಡಬ್ಬಿ ಇತ್ತವಾ.”

“ಡಬ್ಬಿ ಬಿಡಬೇಕಿಲ್ರಿ.”

“ಬಿಟ್ರ ಔಷಧ ಹಾಳಾಗತೈತಿ. ಮೂರು ಸಲ ಬಂದ ಹೋಗೇನಿ.”

ಅವಳು ಡಬ್ಬಿ ನೋಡಿದಳು, ನನ್ನ ಮೊಣಕೈ ನೋಡಿದಳು. “ಅಷ್ಟ ಬೆಲಿದೇನ್ರಿ ಅದು?” ಎಂದಳು.

“ನಿನ್ನ ಕೂಸಿನ ಎರಡು ಕಾಲಿನಷ್ಟ ಬೆಲಿದವಾ,” ಎಂದೆ.

ಅವಳು ಒಳಗೆ ಹೋಗಿ ಅರಿಷಿಣ ತಂದು ನನ್ನ ಗಾಯಕ್ಕೆ ಒತ್ತಿದಳು. ಮಗು ಇನ್ನೂ ನಗುತ್ತಲೇ ಇತ್ತು, ಬಾಯಿ ಹಿಡಿಯಷ್ಟು ತೆರೆದಿತ್ತು. ಅವಳು ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಗದ್ದ ಹಿಡಿದಳು.

“ಹಾಕ್ರಿ ಲಗೂ. ಬಾಯಿ ಮುಚ್ಚೂದರೊಳಗ ಹಾಕಿಬಿಡ್ರಿ.”

ಎರಡು ಹನಿ ಬಿದ್ದವು. ಮಗು ಬಾಯಿ ಮುಚ್ಚಿ, ನನಗೆ ನಂಬಿಕೆದ್ರೋಹ ಮಾಡಿದೆಯಲ್ಲ ಎನ್ನುವ ಹಾಗೆ ನೋಡಿತು. ಕಿರುಬೆರಳಿಗೆ ಮಸಿ ಹಚ್ಚಿ, ಸೈಕಲ್ ಎತ್ತಿಕೊಂಡು ಹೊರಟೆ. ಅವಳು ಹಿಂದೆಯೇ ಬಂದಳು.

“ಮತ್ತ ಯಾವಾಗ ಬರ್ತೀರಿ?”

“ಬರೂ ತಿಂಗಳ ಇನ್ನೊಮ್ಮೆ ಹಾಕಬೇಕು.”

“ಬರ್ರಿ,” ಎಂದಳು. ಬಂಡೆಯ ಕಡೆ ಬೆರಳು ತೋರಿಸಿದಳು. “ಆದ್ರ ಅಲ್ಲೆ ಬಿದ್ದ ಬರ್ರಿ. ನಗಲಿಲ್ಲಂದ್ರ ಬಾಯಿ ತೆರಿಯೂದಿಲ್ರಿ ಅದು.”

೬. ನರಗುಂದದ ಗುಡ್ಡ

ಇಷ್ಟೆಲ್ಲ ಆದ ಮೇಲೆ ನನ್ನ ಕೀರ್ತಿ ನರಗುಂದದವರೆಗೂ ಹೋಯಿತು. ಅಲ್ಲಿಯ ಕೆಲವು ತರುಣರು ಗುಡ್ಡದ ಕಲ್ಲು ಹಾದಿಯಲ್ಲಿ ಮೇಲಿಂದ ಕೆಳಕ್ಕೆ ಸೈಕಲ್ ಸ್ಪರ್ಧೆ ಇಟ್ಟಿದ್ದರು. ಬಿದ್ದವರಿಗೆ ಪಟ್ಟಿ ಕಟ್ಟಲು ಒಬ್ಬ ನರ್ಸ್ ಬೇಕೆಂದು ನಮ್ಮ ಡಾಕ್ಟರನ್ನು ಕೇಳಿದರು. ಡಾಕ್ಟರು ಒಂದು ಕ್ಷಣವೂ ಯೋಚಿಸದೆ ನನ್ನ ಹೆಸರು ಹೇಳಿದರಂತೆ. “ಬಿದ್ದಾಗ ಏನ ಮಾಡಬೇಕು ಅನ್ನೂದು ಇವರಿಗೆ ಎರಡೂ ಕಡಿಂದ ಗೊತ್ತೈತಿ.”

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ನನ್ನ ಕೆಲಸಕ್ಕೆ ಸೈಕಲ್ ಬೇಕಿರಲಿಲ್ಲ. ಆದರೂ ನರಗುಂದದ ಗುಡ್ಡ ನನ್ನ ಸೈಕಲ್ಲನ್ನು ಒಮ್ಮೆ ನೋಡಲಿ ಎಂದು ಆಸೆ.

ಮೇಲೆ ಹನ್ನೆರಡು ಮಂದಿ ಸ್ಪರ್ಧಿಗಳು ಸಾಲಾಗಿ ನಿಂತಿದ್ದರು. ಹೆಚ್ಚಿನವು ಹಾಲು ಮಾರುವ, ಮೇವು ತರುವ ಸಾದಾ ಸೈಕಲ್ಲುಗಳು. ನನ್ನ ದಪ್ಪ ಟಾಯರು ನೋಡಿ ಎಲ್ಲರೂ ಸುತ್ತ ಕೂಡಿದರು. ಒಬ್ಬ ಕೇಳಿದ, “ಬಾಯಾರ, ನಿಮಗ ಕಲ್ಲಿನ ಹಾದಿ ಅನುಭವ ಭಾಳ ಐತಂತ. ಈ ಹಾದಿ ಹ್ಯಾಂಗೈತಿ, ಎಲ್ಲೆಲ್ಲಿ ಹುಷಾರ ಇರಬೇಕು, ಒಂಚೂರು ಹೇಳ್ರಿ.”

ಇಂಥ ಮಾತು ಕೇಳಿ ಸುಮ್ಮನಿರುವ ಹೆಂಗಸು ನಾನಲ್ಲ. “ನೀವು ಇಲ್ಲೇ ಇರ್ರಿ. ನಾ ಒಮ್ಮೆ ಇಳದ ನೋಡಿ ಬಂದು ಹೇಳ್ತೀನಿ,” ಎಂದು ಪಟ್ಟಿಯ ಚೀಲ ಬೆನ್ನಿಗೆ ಹಾಕಿಕೊಂಡು ಹೊರಟೆ.

ಕೆಳಗೆ ಏನು ನಡೆದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಲ್ಲಿ ಹಾದಿಗೆ ಅಡ್ಡ ರಿಬ್ಬನ್ನು ಕಟ್ಟಿದ್ದರು. ಮುಖ್ಯ ಅತಿಥಿ ಒಬ್ಬ ಹಳೆಯ ಪೈಲ್ವಾನರು. ಹೇಳಿದ ವೇಳೆಗಿಂತ ಮೊದಲೇ ಬಂದು, ಗೆದ್ದವನಿಗೆ ಹಾಕುವ ಮಾಲೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹಲಗೆಯವರು. ರಿಬ್ಬನ್ನು ಹರಿದ ಕೂಡಲೇ ಬಾರಿಸಬೇಕು ಎಂದು ಅವರಿಗೆ ಹೇಳಿದ್ದರು, ಯಾರು ಹರಿಯಬೇಕು ಎಂದು ಹೇಳಿರಲಿಲ್ಲ. ಮೈಕಿನ ಮುಂದೆ ಒಬ್ಬ ಇದ್ದ. ಮೈಕು ಒಂದು ಗಳಿಗೆ ಸುಮ್ಮನಿದ್ದರೆ ಅಪಶಕುನ ಎಂದು ನಂಬಿದ ಜಾತಿಯವನು.

ಮೊದಲನೇ ತಿರುವು ಚೆನ್ನಾಗಿ ದಾಟಿದೆ. ಎರಡನೇ ತಿರುವು ಇನ್ನೂ ಚೆನ್ನಾಗಿ. ಮೇಲಿಂದ ಹನ್ನೆರಡೂ ಮಂದಿ ನೋಡುತ್ತಿದ್ದಾರೆ ಎಂಬುದು ಬೆನ್ನಿಗೆ ತಿಳಿಯುತ್ತಿತ್ತು. ಮೂರನೇ ತಿರುವಿನಲ್ಲಿ ಸಡಿಲ ಕಲ್ಲು. ಸೈಕಲ್ ಒಮ್ಮೆ ಕುಪ್ಪಳಿಸಿತು, ನಾನು ಸೀಟಿನಿಂದ ಹಿಂದಕ್ಕೆ ಇಳಿದು ನೆಲದ ಮೇಲೆ ಕುಳಿತೆ. ಬಿದ್ದದ್ದು ನಾನೊಬ್ಬಳೇ. ಸೈಕಲ್ ಬೀಳಲಿಲ್ಲ. ಅದು ತನ್ನ ಪಾಡಿಗೆ ತಾನು ನೆಟ್ಟಗೆ, ಹಾದಿಯ ನಡುವಿನಲ್ಲೇ, ಗಂಭೀರವಾಗಿ ಇಳಿದು ಹೋಯಿತು. ನಾನಿಲ್ಲದಾಗ ಅದು ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದನ್ನು ಆವತ್ತೇ ನೋಡಿದ್ದು. ಅದರ ಹಿಂದೆ ನಾನು ಕುಳಿತಲ್ಲಿಂದಲೇ ಜಾರುತ್ತ ಹೊರಟೆ. ನಿಲ್ಲಲು ಪ್ರಯತ್ನಪಟ್ಟೆ, ಗುಡ್ಡ ಒಪ್ಪಲಿಲ್ಲ.

ಸೈಕಲ್ ರಿಬ್ಬನ್ನು ಹರಿಯಿತು. ಹಲಗೆ ಮೊಳಗಿದವು. ಪೈಲ್ವಾನರು ಎರಡು ಹೆಜ್ಜೆ ಮುಂದೆ ಬಂದು ಮಾಲೆ ಎತ್ತಿದರು. ಕೊರಳು ಇರಲಿಲ್ಲ. ಸೈಕಲ್ ಅವರ ಪಕ್ಕದ ಹುಲ್ಲಿನ ಬಣವೆಗೆ ಹೋಗಿ ಒರಗಿ ನಿಂತಿತ್ತು. ಅವರು ಅತ್ತಿತ್ತ ನೋಡಿದರು. ಎತ್ತಿದ ಮಾಲೆ ಇಳಿಸುವುದು ಅವರ ರಿವಾಜಿನಲ್ಲಿ ಇರಲಿಲ್ಲ ಎಂದು ಕಾಣುತ್ತದೆ, ಹ್ಯಾಂಡಲ್ಲಿಗೆ ಹಾಕಿ ಕೈಮುಗಿದರು. ಅಷ್ಟರಲ್ಲಿ ಧೂಳಿನ ಜೊತೆಗೆ ನಾನು ಬಂದು ಅವರ ಕಾಲ ಮುಂದೆ ನಿಂತೆ, ಅಂದರೆ ಕುಳಿತೆ.

ಅವರು ಒಂದೇ ಕೈಯಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದರು. ಒಂದು ಕ್ಷಣ ನನ್ನ ಎರಡೂ ಕಾಲು ನೆಲದ ಮೇಲೆ ಇರಲಿಲ್ಲ.

“ಪೆಟ್ಟ ಆತೇನವಾ?”

“ಇಲ್ರಿ.”

“ಮತ್ತ ಯಾಕ ಕುಂತ ಬಂದಿ?”

ನಾನು ಧೂಳು ಝಾಡಿಸಿಕೊಳ್ಳುತ್ತಿದ್ದಾಗ ಮೇಲಿಂದ ಹನ್ನೆರಡು ಮಂದಿಯ ಕೂಗು ಕೇಳಿಸಿತು. ಹಲಗೆಯ ಸದ್ದಿಗೆ ಅವರು ಗಾಬರಿಯಾಗಿದ್ದರು. “ನಾವಿನ್ನೂ ಬಿಟ್ಟಿಲ್ರೀ, ನಾವಿನ್ನೂ ಇಲ್ಲೇ ಅದೇವ್ರೀ,” ಎಂದು ಕೂಗುತ್ತಿದ್ದರು. ಕೆಳಗಿನ ಜನ ನಗುವುದೋ ನನ್ನನ್ನು ಕೇಳುವುದೋ ತಿಳಿಯದೆ ನಿಂತಿದ್ದರು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿ ಮೈಕಿನವನ ಮುಖ ನೋಡಿದರು.

ಮೈಕಿನವನು ಗಂಟಲು ಸರಿ ಮಾಡಿಕೊಂಡ.

“ಮಹಾಜನರಲ್ಲಿ ವಿನಂತಿ. ಮೊದಲನೇ ನಂಬರ ಸೈಕಲ್ ತುಗೊಂಡೈತಿ. ಎರಡನೇ ನಂಬರ ಅದರ ಮಾಲಕರಾದ ನರ್ಸ ಬಾಯಾರು ತುಗೊಂಡಾರ. ಗುಡ್ಡದ ಮ್ಯಾಲ ಉಳಿದಿರೂ ಹನ್ನೆರಡು ಮಂದಿ, ಮೂರನೇ ನಂಬರ ಸಲುವಾಗಿ ತಯಾರಾಗಬೇಕು.”